ಮಾತು ಹೊತ್ತವನ ಪಾಪ

ಒಬ್ಬ ಬರೆದ ಸುಳ್ಳು ಇನ್ನೊಬ್ಬನ ಜಾಲತಾಣದಲ್ಲಿ ಉಳಿದುಕೊಂಡರೆ ಪಾಪ ಯಾರ ಪಾಲಿಗೆ? ಇಂಟರ್ನೆಟ್ ಬಂದ ಮೇಲೆ ನ್ಯಾಯಾಲಯಗಳನ್ನು ಕಾಡುತ್ತಿರುವ ಈ ಪ್ರಶ್ನೆಯ ತಿರುಳನ್ನು ಜೈನ ಆಚಾರ್ಯರು ಶತಮಾನಗಳ ಹಿಂದೆಯೇ ಬಿಡಿಸಿ ನೋಡಿದ್ದರು. ಉಮಾಸ್ವಾತಿಯ ತತ್ತ್ವಾರ್ಥಸೂತ್ರದ ಪ್ರಕಾರ ಕರ್ಮ ಅಂಟುವುದು ಮಾಡಿದವನಿಗಷ್ಟೇ ಅಲ್ಲ. ಕೃತ, ಕಾರಿತ, ಅನುಮತ: ತಾನೇ ಮಾಡಿದ್ದು, ಇನ್ನೊಬ್ಬರಿಂದ ಮಾಡಿಸಿದ್ದು, ಮಾಡಿದ್ದಕ್ಕೆ ಒಪ್ಪಿಗೆ ಸೂಚಿಸಿದ್ದು, ಮೂರೂ ಲೆಕ್ಕಕ್ಕೆ ಬರುತ್ತವೆ.

ಮಾನನಷ್ಟದ ಕಾನೂನು ತಡವರಿಸುವುದು ಈ ಮೂರನೆಯದರಲ್ಲಿ. ಸುಮ್ಮನಿದ್ದರೆ ಒಪ್ಪಿದಂತೆಯೇ?

ಅಮೆರಿಕದ ಮೊದಲ ಉತ್ತರಗಳು ವಿಚಿತ್ರವಾಗಿದ್ದವು. ತಾನು ಹಂಚುತ್ತಿದ್ದ ಬರಹವನ್ನು ಓದಿಯೇ ಇರದ ಕಂಪ್ಯೂಸರ್ವ್ ಎಂಬ ಆನ್‌ಲೈನ್ ಸೇವೆ 1991ರಲ್ಲಿ ಪಾರಾಯಿತು. ಅಸಭ್ಯ ಬರಹಗಳನ್ನು ಸೋಸಲು ಜನರನ್ನಿಟ್ಟಿದ್ದ ಪ್ರಾಡಿಜಿ ಎಂಬ ಇನ್ನೊಂದು ಸೇವೆಯನ್ನು 1995ರಲ್ಲಿ ನ್ಯೂಯಾರ್ಕಿನ ನ್ಯಾಯಾಲಯ ಪ್ರಕಾಶಕನೆಂದೇ ಎಣಿಸಿತು. ಕಣ್ಣು ಮುಚ್ಚಿಕೊಂಡವನು ಬಚಾವಾದ, ಅಂಗಳ ಗುಡಿಸಲು ಹೊರಟವನು ಸಿಕ್ಕಿಬಿದ್ದ. ಈ ಅನ್ಯಾಯವನ್ನು ಸರಿಪಡಿಸಲು 1996ರಲ್ಲಿ ಅಮೆರಿಕದ ಸಂವಹನ ಕಾನೂನಿಗೆ ಸೇರಿದ 230ನೇ ಸೆಕ್ಷನ್, ಇತರರ ಮಾತನ್ನು ಹೊತ್ತ ತಾಣಗಳಿಗೆ ಬಹುಮಟ್ಟಿಗೆ ಪೂರ್ಣ ರಕ್ಷಣೆ ಕೊಟ್ಟಿತು.

ಆ ರಕ್ಷಣೆಯ ಬೆಲೆ ತೆತ್ತವರಿದ್ದಾರೆ. 1995ರ ಏಪ್ರಿಲ್‌ನಲ್ಲಿ ಓಕ್ಲಹೋಮಾ ಸಿಟಿಯಲ್ಲಿ ಬಾಂಬ್ ಸ್ಫೋಟವಾದ ಬೆನ್ನಿಗೇ, ಆ ದುರಂತವನ್ನು ಗೇಲಿ ಮಾಡುವ ಟೀ ಶರ್ಟ್‌ಗಳು ಮಾರಾಟಕ್ಕಿವೆ ಎಂದು ಯಾರೋ ಅನಾಮಿಕ ಎಒಎಲ್ ಎಂಬ ಆನ್‌ಲೈನ್ ಸೇವೆಯಲ್ಲಿ ಹಾಕಿ, ಸಿಯಾಟಲ್‌ನ ಒಬ್ಬರ ಫೋನ್ ನಂಬರ್ ಕೊಟ್ಟ. ಅವರಿಗೂ ಆ ಶರ್ಟ್‌ಗಳಿಗೂ ಸಂಬಂಧವೇ ಇರಲಿಲ್ಲ. ಒಂದು ಹಂತದಲ್ಲಿ ಸುಮಾರು ಎರಡು ನಿಮಿಷಕ್ಕೊಂದು ಬೈಗುಳದ ಕರೆ. ಜೀವನೋಪಾಯದ ವ್ಯವಹಾರ ಅದೇ ನಂಬರಿನಲ್ಲಿ ನಡೆಯುತ್ತಿದ್ದುದರಿಂದ ಬದಲಿಸುವಂತೆಯೂ ಇರಲಿಲ್ಲ. ಕಂಪನಿಗೆ ತಿಳಿಸಿದರೂ ಹೊಸ ಪ್ರಕಟಣೆಗಳು ಬರುತ್ತಲೇ ಇದ್ದವು. 1997ರಲ್ಲಿ ಮೇಲ್ಮನವಿ ನ್ಯಾಯಾಲಯ ಕಂಪನಿಗೆ ಹೊಣೆಯಿಲ್ಲ ಎಂದಿತು. ಇಷ್ಟು ನೊಂದವರಿಗೆ ಆ ತೀರ್ಪಿನಲ್ಲಿ ಏನೂ ಇರಲಿಲ್ಲ.

ಇಂಗ್ಲೆಂಡ್ ಎದುರು ದಿಕ್ಕಿಗೆ ನಡೆಯಿತು. 1997ರ ಜನವರಿಯಲ್ಲಿ ಉಪನ್ಯಾಸಕರೊಬ್ಬರ ಹೆಸರಿನಲ್ಲಿ ಯಾರೋ ಖೋಟಾ ಬರಹ ಹಾಕಿದ್ದರು. ಅವರು 17ರಂದು ಡೀಮನ್ ಇಂಟರ್ನೆಟ್ ಕಂಪನಿಗೆ ಫ್ಯಾಕ್ಸ್ ಕಳಿಸಿ ತೆಗೆಯಲು ಕೇಳಿದರು. ಅದು ಸುಮಾರು ಹತ್ತು ದಿನ ಹಾಗೇ ಉಳಿಯಿತು. ತಿಳಿದ ಮೇಲೂ ಬಿಟ್ಟ ಕಂಪನಿಗೆ ಕಾನೂನಿನ ಆಸರೆಯಿಲ್ಲ ಎಂದು 1999ರಲ್ಲಿ ತೀರ್ಪಾಯಿತು. ಅನುಮತದ ತತ್ವ ಇಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಆದರೆ ದೂರು ಬಂದಿದೆ ಎಂದು ತಿಳಿಯುವುದು ಬೇರೆ, ಬರೆದದ್ದು ಸುಳ್ಳೆಂದು ತಿಳಿಯುವುದು ಬೇರೆ. ಹಣಬಲವುಳ್ಳವರು ವಕೀಲರ ನೋಟಿಸ್ ಕಳಿಸಿದ ಕೂಡಲೇ ಸಣ್ಣ ತಾಣದವರು ನಿಜವಾದ ವರದಿಯನ್ನೂ ಅಳಿಸಿಬಿಡುತ್ತಾರೆ. ಈ ಅಪಾಯವನ್ನು ನಮ್ಮ ಸುಪ್ರೀಂ ಕೋರ್ಟ್ 2015ರ ಶ್ರೇಯಾ ಸಿಂಘಲ್ ತೀರ್ಪಿನಲ್ಲಿ ಗುರುತಿಸಿತು: ಮಾಹಿತಿ ತಂತ್ರಜ್ಞಾನ ಕಾಯ್ದೆಯ 79ನೇ ಸೆಕ್ಷನ್ ಅಡಿ ಮಧ್ಯವರ್ತಿಗೆ 'ತಿಳಿದಿದೆ' ಎನ್ನಬೇಕಾದರೆ ನ್ಯಾಯಾಲಯದ ಆದೇಶ ಅಥವಾ ಸರ್ಕಾರದ ಸೂಚನೆ ಬಂದಿರಬೇಕು.

ತಾನೇ ಆರಿಸಿ, ತಿದ್ದಿ ಪ್ರಕಟಿಸುವ ಸಂಪಾದಕನಿಗೆ ಈ ಆಸರೆಯೂ ಇಲ್ಲ. ಭಾರತೀಯ ನ್ಯಾಯ ಸಂಹಿತೆಯ 356ನೇ ಸೆಕ್ಷನ್ ಪ್ರಕಾರ ಮಾನಹಾನಿಗೆ ಎರಡು ವರ್ಷದವರೆಗೆ ಸಜೆಯಾಗಬಹುದು. ಬರೆದದ್ದು ಸತ್ಯವಾದರೆ ಸಾಲದು, ಅದರಿಂದ ಸಾರ್ವಜನಿಕ ಹಿತವೂ ಆಗಬೇಕು. ಕನ್ನಡ ನಾಡಿನ ಜೈನ ಆಚಾರ್ಯ ಪೂಜ್ಯಪಾದರೂ ತತ್ತ್ವಾರ್ಥಸೂತ್ರದ ವ್ಯಾಖ್ಯಾನವಾದ ಸರ್ವಾರ್ಥಸಿದ್ಧಿಯಲ್ಲಿ ಜೀವಿಗಳನ್ನು ನೋಯಿಸುವ ಮಾತನ್ನು, ಅದು ಇದ್ದದ್ದೇ ಆದರೂ, ಅಸತ್ಯದ ಸಾಲಿಗೆ ಸೇರಿಸುತ್ತಾರೆ. ಆದರೆ ಅಲ್ಲಿ ಪ್ರಮಾದವೂ ಇರಬೇಕು. ಅಂದರೆ ಆಡುವವನ ಎಚ್ಚರಗೇಡಿತನ, ರಾಗದ್ವೇಷ. ಲಂಚಕೋರನಿಗೆ ನೋವಾಯಿತೆಂಬ ಒಂದೇ ಕಾರಣಕ್ಕೆ ವರದಿಗಾರನನ್ನು ಕಟಕಟೆಗೆ ಎಳೆಯುವವರು ಈ ಅರ್ಧವನ್ನು ಮರೆಯುತ್ತಾರೆ.

ಬ್ರಿಟನ್ ತನ್ನ 2013ರ ಮಾನಹಾನಿ ಕಾಯ್ದೆಯಲ್ಲಿ ನಡುದಾರಿಯೊಂದನ್ನು ಹಾಕಿಕೊಂಡಿದೆ. ದೂರು ಬಂದ 48 ಗಂಟೆಯೊಳಗೆ ತಾಣದವರು ಅದನ್ನು ಬರೆದವನಿಗೆ ಮುಟ್ಟಿಸಬೇಕು. ಆತ ಐದು ದಿನದಲ್ಲಿ ಉತ್ತರಿಸದಿದ್ದರೆ ಬರಹ ತೆಗೆಯಬೇಕು. ತನ್ನ ಹೆಸರು, ವಿಳಾಸ ಕೊಟ್ಟು 'ಇದು ನನ್ನ ಮಾತು, ತೆಗೆಯಬೇಡಿ' ಎಂದರೆ ಜಗಳ ಬರೆದವನಿಗೂ ದೂರಿದವನಿಗೂ ಸೇರಿದ್ದು. ಮಾಡಿದವನ ಭಾರ ಮಾಡಿದವನಿಗೇ ಹೋಗುತ್ತದೆ, ನೊಂದವರಿಗೂ ಬಾಗಿಲು ತೆರೆದಿರುತ್ತದೆ. ಇಂಥ ನಿಯಮ ನಮ್ಮ 79ನೇ ಸೆಕ್ಷನ್ ಜೊತೆಗೂ ಬೇಕು; ಕನ್ನಡದ ಸಣ್ಣ ಪ್ರಕಾಶಕರು ಒಟ್ಟಾಗಿ ಅದನ್ನು ಸಂಸದರ ಮುಂದೆ ಇಡಬೇಕು.