ಕುಲುಮೆ ಒಂದು, ಪ್ಯಾಟರ್ನ್ ಹಲವು

ಕಾಲೇಜು ಶುರುವಾಗುವ ಹೊತ್ತಿಗೆ ಖಾನಾಪುರದ ಕಡೆಯಿಂದ ಬೆಳಗಾವಿಗೆ ಲ್ಯಾಪ್‌ಟಾಪ್ ಕೊಳ್ಳಲು ಬರುವವರು ಅಂಗಡಿಯವನನ್ನು ತಪ್ಪದೆ ಕೇಳುವ ಮಾತೊಂದಿದೆ: 'ಒಳಗ ಎಲ್ಲಾ ಒಂದ ಇರ್ತೈತಂತಲ್ರೀ, ಮತ್ತ ರೇಟಿನ್ಯಾಗ ಇಷ್ಟ್ಯಾಕ ಫರಕ್?'

ಅರ್ಧ ನಿಜ. ಎಚ್‌ಪಿ, ಡೆಲ್, ಏಸರ್ ಹೆಸರು ಹೊತ್ತ ಲ್ಯಾಪ್‌ಟಾಪ್‌ಗಳಲ್ಲಿ ಬಹುಪಾಲನ್ನು ಜೋಡಿಸುವುದು ಕ್ವಾಂಟಾ, ಕಾಂಪಾಲ್, ವಿಸ್ಟ್ರಾನ್, ಇನ್ವೆಂಟೆಕ್ ಎಂಬ ತೈವಾನಿನ ಕಂಪನಿಗಳು. ಆಪಲ್‌ನ ಮ್ಯಾಕ್‌ಬುಕ್‌ಗಳನ್ನೂ ಕ್ವಾಂಟಾ ವರ್ಷಗಟ್ಟಲೆ ಜೋಡಿಸಿದೆ. ವಿಸ್ಟ್ರಾನ್ ಒಂದು ಕಾಲದಲ್ಲಿ ಏಸರ್‌ನದೇ ತಯಾರಿಕಾ ವಿಭಾಗ. ಕೋಲಾರ ಜಿಲ್ಲೆಯ ನರಸಾಪುರದಲ್ಲಿ ಐಫೋನ್ ಜೋಡಿಸುತ್ತಿದ್ದು, 2023ರಲ್ಲಿ ಆ ಕಾರ್ಖಾನೆಯನ್ನು ಟಾಟಾಕ್ಕೆ ಬಿಟ್ಟುಕೊಟ್ಟಿದ್ದು ಇದೇ ಕಂಪನಿ. ದೊಡ್ಡವರಲ್ಲಿ ಲೆನೊವೊ ಮಾತ್ರ ಸ್ವಂತ ಕಾರ್ಖಾನೆಗಳಲ್ಲೂ ಸಾಕಷ್ಟು ತಯಾರಿಸುತ್ತದೆ. ಪ್ರೊಸೆಸರ್ ಅಂತೂ ಹೆಚ್ಚಾಗಿ ಇಂಟೆಲ್ ಇಲ್ಲವೇ ಎಎಂಡಿ.

ಆದರೆ ಕಾರ್ಖಾನೆ ಒಂದಾದರೆ ಮಾಲೂ ಒಂದೇ ಎಂಬ ಮಾತನ್ನು ಬೇರೆ ಊರಿನವರು ನಂಬಲಿ, ಬೆಳಗಾವಿಯವರು ನಂಬಬಾರದು. ಉದ್ಯಮಬಾಗದ ಫೌಂಡ್ರಿಗಳಲ್ಲಿ ದಿನವೂ ನಡೆಯುವುದು ಇದೇ ಕೆಲಸ. ಒಂದೇ ಕುಲುಮೆಯ ಕಬ್ಬಿಣ ಒಬ್ಬರ ಪಂಪಿಗೂ ಇನ್ನೊಬ್ಬರ ವಾಲ್ವಿಗೂ ಎರಕವಾಗುತ್ತದೆ. ಎರಕದ ಅಚ್ಚು ಮಾಡಲು ಬಳಸುವ ಮಾದರಿ, ಅಂದರೆ ಪ್ಯಾಟರ್ನ್, ಸಾಮಾನ್ಯವಾಗಿ ಗಿರಾಕಿಯದು. ಅದನ್ನು ಫೌಂಡ್ರಿಯವನು ಬೇರೆಯವರಿಗೆ ಬಳಸುವಂತಿಲ್ಲ. ಕಬ್ಬಿಣದ ಗ್ರೇಡ್ ಎಷ್ಟಿರಬೇಕು, ಅಳತೆಯಲ್ಲಿ ಎಷ್ಟು ಹೆಚ್ಚುಕಡಿಮೆ ನಡೆಯುತ್ತದೆ ಎಂದು ಹೇಳುವವನೂ ಗಿರಾಕಿಯೇ. ಎರಕದಲ್ಲಿ ಸಣ್ಣ ಗಾಳಿತೂತು (ಬ್ಲೋಹೋಲ್) ಕಂಡರೂ ಒಬ್ಬ ಇಡೀ ಲಾಟ್ ವಾಪಸ್ ಕಳಿಸುತ್ತಾನೆ, ಇನ್ನೊಬ್ಬ ಕಣ್ಣು ಮುಚ್ಚಿಕೊಳ್ಳುತ್ತಾನೆ. ಬೆಲೆಯ ಫರಕು ಹುಟ್ಟುವುದು ಅಲ್ಲಿ. (ಜಾಹೀರಾತಿನ ಖರ್ಚೂ ಅದರೊಳಗೆ ಸೇರಿರುತ್ತದೆ, ಸುಳ್ಳೇಕೆ.) ಹತ್ತರಗಿಯ ಏಕಸ್ ಕೈಗಾರಿಕಾ ವಲಯದಿಂದ ಏರ್‌ಬಸ್‌ಗೂ ಬೋಯಿಂಗ್‌ಗೂ ಬಿಡಿಭಾಗಗಳು ಹೋಗುತ್ತವೆ, ಹಾಗಂತ ಎರಡೂ ಒಂದೇ ವಿಮಾನ ಎಂದು ಅಲ್ಲಿನ ಕೆಲಸಗಾರರು ಯಾರೂ ಹೇಳಲಾರರು.

ಲ್ಯಾಪ್‌ಟಾಪಿನಲ್ಲೂ ಕೇಳಬೇಕಾದದ್ದು ಪ್ಯಾಟರ್ನ್ ಯಾರದು ಎಂಬುದನ್ನೇ. ದುಬಾರಿ ಸರಣಿಗಳ ವಿನ್ಯಾಸವನ್ನು ಬ್ರ್ಯಾಂಡಿನ ಎಂಜಿನಿಯರುಗಳೇ ಹಿಡಿತದಲ್ಲಿಟ್ಟುಕೊಳ್ಳುತ್ತಾರೆ. ಅಗ್ಗದವುಗಳಲ್ಲಿ ವಿನ್ಯಾಸದ ಹೆಚ್ಚಿನ ಕೆಲಸವೂ ತಯಾರಕನದೇ ಆಗಿರಬಹುದು. ಇನ್ನು ತೈವಾನಿನ ಕ್ಲೆವೊದಂಥವರು ಮೈಕಟ್ಟು, ಮದರ್‌ಬೋರ್ಡ್, ಕೀಬೋರ್ಡ್ ಎಲ್ಲ ಸೇರಿದ ಸಿದ್ಧ ಮಾದರಿಗಳನ್ನೇ ಮಾರುತ್ತಾರೆ. ಹಲವು ದೇಶಗಳ ಸಣ್ಣ ಬ್ರ್ಯಾಂಡುಗಳು ಅದಕ್ಕೆ ಮೆಮೊರಿ ತುಂಬಿ, ಮುಚ್ಚಳದ ಮೇಲೆ ತಮ್ಮ ಹೆಸರು ಅಂಟಿಸುತ್ತವೆ. 'ಎಲ್ಲಾ ಒಂದ' ಎಂಬ ಮಾತು ಪೂರ್ತಿ ನಿಜವಾಗುವುದು ಇಲ್ಲಿ ಮಾತ್ರ.

ತಯಾರಕ ಯಾರೆಂದು ತಿಳಿಯಲು ಯಾರನ್ನೂ ಕೇಳಬೇಕಿಲ್ಲ. ಲ್ಯಾಪ್‌ಟಾಪ್ ಮಗುಚಿದರೆ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ಗುರುತಿನ ಜತೆ 'ಆರ್' ಅಕ್ಷರದಿಂದ ಶುರುವಾಗುವ ಒಂದು ನೋಂದಣಿ ಸಂಖ್ಯೆ ಸಿಗುತ್ತದೆ. ಭಾರತದಲ್ಲಿ 2013ರಿಂದ ಈ ನೋಂದಣಿ ಕಡ್ಡಾಯ. ಅದನ್ನು ಕೊಡುವುದು ಬ್ರ್ಯಾಂಡಿನ ಕಚೇರಿಗಲ್ಲ, ಮಾಲು ತಯಾರಾಗುವ ಕಾರ್ಖಾನೆಗೆ. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿದರೆ ತಯಾರಕನ ಹೆಸರು, ವಿಳಾಸ ಬರುತ್ತದೆ.

ಮಾಹಿತಿ ಸ್ವಾರಸ್ಯದ್ದೇ, ಆದರೆ ಖಾನಾಪುರದ ಹುಡುಗಿಗೆ ಪರೀಕ್ಷೆಯ ಹಿಂದಿನ ವಾರ ಹಿಂಜ್ ಮುರಿದರೆ ಕ್ವಾಂಟಾದವರು ಬರುವುದಿಲ್ಲ. ಆಗ ಉತ್ತರ ಕೊಡಬೇಕಾದದ್ದು ಮುಚ್ಚಳದ ಮೇಲಿನ ಹೆಸರು. ಆದ್ದರಿಂದ ಅಂಗಡಿಯಲ್ಲಿ ದುಡ್ಡು ಎಣಿಸುವ ಮೊದಲೇ ಕೇಳಿಕೊಳ್ಳಿ: ಬಿಡಿಭಾಗ ಬೆಳಗಾವಿಯಲ್ಲೇ ಸಿಗುತ್ತದೆಯೋ, ಬೇರೆ ಊರಿಂದ ಬರಬೇಕೋ? ಮನೆಗೇ ಬಂದು ರಿಪೇರಿ ಮಾಡುವ ವಾರಂಟಿ ಬೆಳಗಾವಿ ನಗರಕ್ಕಷ್ಟೇ ಸೀಮಿತವೋ, ಖಾನಾಪುರದ ಪಿನ್‌ಕೋಡಿಗೂ ಉಂಟೋ?