ನೋಟದ ಋಣ

ನೋಟಕ್ಕೆ ಸುಂಕವಿಲ್ಲವೆಂದು ಲೋಕವು ನಂಬಿದೆ. ಪರರ ಹೊಲದ ತೆನೆಯನ್ನು ಕಿತ್ತರೆ ಕಳವು. ದಾರಿಯಲ್ಲಿ ನಿಂತು ಅದರ ಚೆಲುವನ್ನು ನೋಡಿದರೆ ಯಾರಿಗೂ ನಷ್ಟವಿಲ್ಲ. ನಾವೂ ಬಹುಕಾಲ ಹಾಗೆಯೇ ತಿಳಿದಿದ್ದೆವು. ಭೂಗೋಳದ ಪಾಠವೊಂದರಿಂದ ಈ ನಂಬಿಕೆ ಅಲುಗಿತು.

ಐದನೆಯ ತರಗತಿಗೆ ಆಫ್ರಿಕಾ ಖಂಡದ ಪಾಠ ನಡೆದಿತ್ತು. ಟಾಂಜಾನಿಯಾ ದೇಶದ ಸೆರೆಂಗೆಟಿ ರಾಷ್ಟ್ರೀಯ ಉದ್ಯಾನದ ಚಿತ್ರವನ್ನು ತೋರಿಸಿ, ಪ್ರವಾಸಿಗರು ಮೇಲ್ಛಾವಣಿ ತೆರೆದ ಮೋಟಾರು ಗಾಡಿಗಳಲ್ಲಿ ನಿಂತು ಸಿಂಹ, ಆನೆ, ಜಿರಾಫೆಗಳನ್ನು ನೋಡುವ ಬಗೆಯನ್ನು ವರ್ಣಿಸಿದೆವು. ನಾವು ಅಲ್ಲಿಗೆ ಹೋದವರಲ್ಲ. ಓದಿ ಬಲ್ಲವರು ಮಾತ್ರ. ಹುಡುಗಿಯೊಬ್ಬಳು ಎದ್ದು, "ಅಲ್ಲಿ ಜನರೇ ಇರಲಿಲ್ಲವೇ?" ಎಂದು ಕೇಳಿದಳು. "ಇಲ್ಲ, ಅದು ಮೃಗಗಳ ನಾಡು" ಎಂದು ಹೇಳಿ ಮುಂದೆ ಸಾಗಿದೆವು. ಆ ರಾತ್ರಿ ಪುಸ್ತಕಗಳನ್ನು ತಿರುವಿದಾಗ ನಮ್ಮ ಉತ್ತರ ಸುಳ್ಳೆಂದು ತಿಳಿಯಿತು.

ಸೆರೆಂಗೆಟಿ ಎಂಬ ಹೆಸರೇ ನಮ್ಮನ್ನು ಅಲ್ಲಗಳೆಯುತ್ತದೆ. ಕೊನೆಯಿಲ್ಲದೆ ಹರಡಿದ ನೆಲವೆಂಬ ಅರ್ಥದ ಮಾಸಾಯಿ ಮಾತಿನಿಂದ ಅದು ಬಂದಿದೆ ಎನ್ನುತ್ತಾರೆ. ಕರೆಯುವವರಿಲ್ಲದೆಡೆ ಹೆಸರು ಹುಟ್ಟೀತೆ? ಮಾಸಾಯಿಗಳು ಆ ಬಯಲಿನಲ್ಲಿ ದನ ಮೇಯಿಸಿಕೊಂಡಿದ್ದವರು. ಬ್ರಿಟಿಷರ ಆಡಳಿತದಲ್ಲಿ, 1951ರಲ್ಲಿ, ಉದ್ಯಾನವು ಸ್ಥಾಪನೆಯಾಯಿತು. 1959ರಲ್ಲಿ ಮಾಸಾಯಿಗಳು ಅದನ್ನು ತೊರೆದು ನೆರೆಯ ಎನ್‌ಗೊರೊಂಗೊರೊ ಪ್ರದೇಶಕ್ಕೆ ತೆರಳಬೇಕಾಯಿತು. ಅಲ್ಲಿ ಮೃಗಗಳ ಹಿತಕ್ಕೂ ಜನರ ಹಿತಕ್ಕೂ ಘರ್ಷಣೆ ಬಂದರೆ ಜನರ ಹಿತವೇ ಮುಂದಾಗುವುದೆಂದು ಅಂದಿನ ಗವರ್ನರರು ಮಾತು ಕೊಟ್ಟಿದ್ದರು. ಆದರೂ 2022ರಿಂದ ಅಲ್ಲಿಯ ಕುಟುಂಬಗಳನ್ನು ದೂರದ ಹಂಡೇನಿ ಜಿಲ್ಲೆಗೆ ಕಳುಹಿಸುವ ಕಾರ್ಯ ನಡೆಯಿತು. ಇದು ಸ್ವಂತ ಇಚ್ಛೆಯ ವಲಸೆಯೆಂದು ಸರಕಾರ ಹೇಳಿತು. ಬಲವಂತದ್ದೆಂದು ಅನೇಕ ಮಾಸಾಯಿಗಳು ದೂರಿದರು.

ಹಾಗೆಂದು ಉದ್ಯಾನವೇ ಅನ್ಯಾಯವೆಂದು ತೀರ್ಪು ಕೊಡುವುದೂ ಸಲ್ಲದು. ಜರ್ಮನಿಯ ಬೆರ್ನ್‌ಹಾರ್ಡ್ ಗ್ರಿಮೆಕ್ ಮತ್ತು ಅವರ ಮಗ ಮಿಖಾಯೆಲ್ ಸಣ್ಣ ವಿಮಾನದಲ್ಲಿ ಹಾರಾಡುತ್ತ ಅಲ್ಲಿಯ ಪ್ರಾಣಿಗಳನ್ನು ಎಣಿಸಿದರು. 1959ರ ಜನವರಿಯಲ್ಲಿ ಆ ವಿಮಾನವೇ ಕೆಳಗೆ ಬಿದ್ದು ಮಗನು ಮಡಿದನು. ಮೃಗಗಳಿಗಾಗಿ ಇಷ್ಟನ್ನು ತೆತ್ತ ತಂದೆಯ ನಿಷ್ಠೆಯನ್ನು ಯಾರು ಶಂಕಿಸಬಲ್ಲರು? ಆದರೆ ಮೂಲನಿವಾಸಿಗಳೂ ಸೇರಿ ಯಾವ ಮನುಷ್ಯನೂ ಉದ್ಯಾನದೊಳಗೆ ವಾಸಿಸಕೂಡದೆಂಬುದು ಅವರ ನಿಲುವಾಗಿತ್ತು. ಒಳ್ಳೆಯ ಉದ್ದೇಶವೂ ಅನ್ಯರ ಮನೆಯನ್ನು ಕಾಣದೆ ಹೋಗಬಹುದೆಂಬುದಕ್ಕೆ ಇದು ನಿದರ್ಶನ.

ಮನುಷ್ಯನೂ ಮೃಗವೂ ಅಲ್ಲಿ ನಿಜವಾಗಿ ಬೇರೆಬೇರೆಯಾಗಿದ್ದರೆ? ನಮ್ಮ ರೈತರು ದೊಡ್ಡರೋಗವೆಂದು ಕರೆಯುತ್ತಿದ್ದ ದನಗಳ ಮಾರಿ 1890ರ ದಶಕದಲ್ಲಿ ಪೂರ್ವ ಆಫ್ರಿಕಾಕ್ಕೆ ನುಗ್ಗಿತು. ಮಾಸಾಯಿಗಳ ಹಟ್ಟಿಗಳು ಬರಿದಾದವು. ಜನರು ಹಸಿವಿನಿಂದ ಸತ್ತರು. ವೈಲ್ಡ್‌ಬೀಸ್ಟ್ ಎಂಬ, ದನದ ಮುಖವುಳ್ಳ ಹುಲ್ಲೆಗಳೂ ಅದೇ ರೋಗದಿಂದ ಅಳಿದವು. ಮುಂದೆ ಸುತ್ತಲಿನ ದನಗಳಿಗೆ ಲಸಿಕೆ ಹಾಕಿದ ಬಳಿಕ ಆ ಹುಲ್ಲೆಗಳಲ್ಲಿಯೂ ರೋಗ ನಿಂತಿತು. 1961ರಲ್ಲಿ ಸುಮಾರು ಎರಡೂವರೆ ಲಕ್ಷವಿದ್ದ ಅವುಗಳ ಸಂಖ್ಯೆ 1977ರ ವೇಳೆಗೆ ಸುಮಾರು 13 ಲಕ್ಷಕ್ಕೇರಿತು. ಮಳೆಯನ್ನನುಸರಿಸಿ ಅವು ವರ್ಷವರ್ಷವೂ ನಡೆಸುವ ಮಹಾಯಾತ್ರೆಯನ್ನು ಕಾಣಲೆಂದೇ ಜಗತ್ತು ಅಲ್ಲಿಗೆ ಧಾವಿಸುತ್ತದೆ. ಬಡ ದನಗಾಹಿಯ ಹಸುವಿಗೆ ಹಾಕಿದ ಲಸಿಕೆಯೂ ಆ ವೈಭವಕ್ಕೆ ಕಾರಣವೆಂದು ನೋಡುವವರಲ್ಲಿ ಎಷ್ಟು ಮಂದಿ ಬಲ್ಲರು?

ನೋಟದ ಬೆಲೆಯನ್ನು ಪ್ರಾಣಿಗಳೂ ತೆರುತ್ತವೆ. ಸೆರೆಂಗೆಟಿಗೆ ಹೊಂದಿದ ಕೀನ್ಯಾದ ಮಾಸಾಯಿ ಮಾರಾದಲ್ಲಿ ಚೀತಾಗಳನ್ನು ಕುರಿತು ನಡೆದ ಅಧ್ಯಯನವೊಂದು 2018ರಲ್ಲಿ ಪ್ರಕಟವಾಯಿತು. ಪ್ರವಾಸಿಗರು ವಿರಳವಾದೆಡೆ ತಾಯಿಯು ಸರಾಸರಿ ಎರಡಕ್ಕೂ ಹೆಚ್ಚು ಮರಿಗಳನ್ನು ಬೆಳೆಸುತ್ತಿದ್ದರೆ, ಗಾಡಿಗಳು ಮುತ್ತುವೆಡೆ ಒಂದು ಮರಿ ಉಳಿಯುವುದೂ ಅಪರೂಪವಾಗಿತ್ತು. ಯಾರೂ ಕಲ್ಲೆಸೆಯಲಿಲ್ಲ, ಬೇಟೆಯಾಡಲಿಲ್ಲ, ಕೇವಲ ನೋಡಿದರು.

ಹಾಗಾದರೆ ಯಾರೂ ಹೋಗಬಾರದೆ? ನಮ್ಮ ಅಭಿಮತ ಹಾಗಲ್ಲ. ಪ್ರವಾಸಿಗನು ಕೊಡುವ ಹಣದಿಂದಲೇ ಕಾವಲುಗಾರರಿಗೆ ಸಂಬಳ ಸಲ್ಲುತ್ತದೆ, ಕಳ್ಳಬೇಟೆ ತಗ್ಗುತ್ತದೆ. ಆದರೆ ಹಣ ಕೊಟ್ಟ ಮಾತ್ರಕ್ಕೆ ಋಣ ತೀರಿತೆಂದು ಭಾವಿಸುವುದು ತಪ್ಪು. ಉಂಡ ಮನೆಯಲ್ಲಿ ಅಡಿಗೆ ಮಾಡಿದವರನ್ನು ವಿಚಾರಿಸದೆ ಏಳುವವನು ಅತಿಥಿಯಲ್ಲ. ಈ ನೋಟವು ಯಾರ ತ್ಯಾಗದಿಂದ ಒದಗಿತು, ನಾನು ತೆತ್ತ ಹಣದಲ್ಲಿ ಅವರಿಗೆ ಪಾಲುಂಟೆ ಎಂದು ಕೇಳುವುದೂ, ಮೃಗವು ಹಿಂಜರಿದಾಗ ಗಾಡಿಯನ್ನು ಹಿಂದಕ್ಕೆ ತಿರುಗಿಸುವುದೂ ಅತಿಥಿಯ ಧರ್ಮ.

ತಾಳವಾಡಿ ಸೀಮೆಯ ನಮಗೆ ಇದು ದೂರದ ಮಾತಲ್ಲ. ನಮ್ಮ ಬೆಟ್ಟಗಳನ್ನೊಳಗೊಂಡ ಸತ್ಯಮಂಗಲದ ಕಾಡು 2013ರಲ್ಲಿ ಹುಲಿ ರಕ್ಷಿತಾರಣ್ಯವಾಯಿತು. ಆನೆಗಳು ನಮ್ಮ ಹೊಲಕ್ಕೆ ಬರುತ್ತವೆ. ಸೋಲಿಗರ ಹಾಡಿಗಳು ಕಾಡಿನಲ್ಲಿವೆ. ಎಲ್ಲಿಯೋ ಒಬ್ಬ ಉಪಾಧ್ಯಾಯನು ಈ ಕಾಡಿನ ಚಿತ್ರವನ್ನು ಹಿಡಿದು "ಅಲ್ಲಿ ಜನರಿಲ್ಲ" ಎಂದು ಹೇಳಿದರೆ ನಮ್ಮ ಮಕ್ಕಳಿಗೆ ಹೇಗನ್ನಿಸೀತು? ನಾವು ಮಾಸಾಯಿಗಳ ಮಕ್ಕಳಿಗೆ ಮಾಡಿದ್ದು ಅದನ್ನೇ.

ಮರುದಿನ ತರಗತಿಯಲ್ಲಿ ಅದೇ ಚಿತ್ರವನ್ನು ಮತ್ತೆ ತೂಗುಹಾಕಿ, "ನಿನ್ನೆ ನಾವು ತಪ್ಪು ಹೇಳಿದೆವು, ಅಲ್ಲಿ ಜನರಿದ್ದರು" ಎಂದೆವು. ಪ್ರಶ್ನೆ ಕೇಳಿದ ಹುಡುಗಿ, "ಅವರ ದನಗಳು ಈಗ ಎಲ್ಲಿ ಮೇಯುತ್ತವೆ?" ಎಂದಳು. ಆ ದಿನದ ಪಾಠ ಅಲ್ಲಿಂದ ಆರಂಭವಾಯಿತು.