ಮೊಳೆಯದ ಕಾಳಿನ ಚಿತ್ರ

ಪಿಎಚ್‌ಡಿ ಸಂಶೋಧನೆಯ ನಡುವೆ ಬಿಡುವಾದ ಶನಿವಾರಗಳಲ್ಲಿ ಒಂದು ಸರ್ಕಾರಿ ಶಾಲೆಗೆ ಹೋಗಿ ನಾಲ್ಕನೇ ತರಗತಿಗೆ ಪರಿಸರ ಅಧ್ಯಯನ ಹೇಳಿಕೊಡುತ್ತೇನೆ. ಒಮ್ಮೆ ಬೀಜ ಮೊಳೆಯುವ ವಿಡಿಯೊ ತೋರಿಸಿದೆ. ಮಣ್ಣೊಳಗಿನ ಕಾಳು ಬಿರಿದು, ಬೇರಿಳಿದು, ಎರಡು ಎಲೆ ಮೇಲೆದ್ದು ನಿಲ್ಲಲು ಹಿಡಿದದ್ದು ಒಂದೇ ನಿಮಿಷ. ಮಕ್ಕಳು ಚಪ್ಪಾಳೆ ತಟ್ಟಿದರು. ಆಮೇಲೆ ಐದೈದು ಹೆಸರುಕಾಳು ಕೊಟ್ಟು, ಮನೆಯಲ್ಲಿ ಬಟ್ಟಲಲ್ಲಿ ನೆನೆಸಿ, ಕಂಡದ್ದರ ಚಿತ್ರ ಬರೆದು ತನ್ನಿ ಎಂದೆ.

ಮುಂದಿನ ಶನಿವಾರ ಒಬ್ಬ ಹುಡುಗಿ ಚೆಂದದ ಚಿತ್ರ ತಂದಿದ್ದಳು. ರೈಟ್ ಹಾಕಿದೆ. ಹಾಕಿದ ಮೇಲೆ ಗಮನಿಸಿದೆ, ಕಾಳಿನ ಸುತ್ತ ಮಣ್ಣಿತ್ತು. ‘ಮಣ್ಣು ಎಲ್ಲಿಂದ ಬಂತು?’ ಎಂದೆ. ಮೆಲ್ಲಗೆ ಹೇಳಿದಳು: ‘ನಂದು ನೀರಲ್ಲೇ ಕೊಳೆತೋಯ್ತು ಮಿಸ್. ಅಮ್ಮ ಚೆಲ್ಲಿಬಿಟ್ರು. ಅದಕ್ಕೆ ಟಿವೀಲಿ ಬಂದಿದ್ದನ್ನ ಬರೆದೆ.’

ಅವಳು ಸುಳ್ಳು ಹೇಳಿದಳೇ? ನನಗೆ ಹಾಗನ್ನಿಸುವುದಿಲ್ಲ. ತನ್ನ ಕಣ್ಣಿಗಿಂತ ಪರದೆಯೇ ಸರಿ ಎಂದು ನಂಬಿದಳು. ಆ ನಂಬಿಕೆ ಕಲಿಸಿದವಳು ನಾನು.

ವಿಡಿಯೊ ಬಗ್ಗೆ ನನಗೆ ತಕರಾರಿಲ್ಲ. 1975ರ ಆಗಸ್ಟ್‌ನಿಂದ ಒಂದು ವರ್ಷ ಇಸ್ರೊ, ನಾಸಾದ ಉಪಗ್ರಹದ ನೆರವಿನಿಂದ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಟಿವಿ ಪಾಠ ತಲುಪಿಸಿತ್ತು. ಅಂದಿನ ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳ ಹಳ್ಳಿಗಳೂ ಅದರಲ್ಲಿದ್ದವು. ಪ್ರಯೋಗಾಲಯವಿಲ್ಲದ ಶಾಲೆಯ ಮಕ್ಕಳಿಗೆ ಹೃದಯದ ಕವಾಟವನ್ನೋ ಜ್ವಾಲಾಮುಖಿಯನ್ನೋ ತೋರಿಸುವುದು ನ್ಯಾಯದ ಕೆಲಸ. ಆದರೆ ಹೆಸರುಕಾಳು ಅಡುಗೆಮನೆಯ ಡಬ್ಬಿಯಲ್ಲೇ ಇದೆ. ಅದನ್ನೂ ಪರದೆಯ ಮೇಲೇ ಮೊದಲು ನೋಡಬೇಕೇ?

ಅಂಥ ವಿಡಿಯೊದಲ್ಲಿ ಹಲವು ದಿನ ಬಿಟ್ಟು ಬಿಟ್ಟು ತೆಗೆದ ಚಿತ್ರಗಳನ್ನು ಜೋಡಿಸಿ ವೇಗವಾಗಿ ಓಡಿಸಿರುತ್ತಾರೆ. ಅದನ್ನು ನಾನು ಮಕ್ಕಳಿಗೆ ಹೇಳಲೇ ಇಲ್ಲ. ಮೊಳೆಯದ ಕಾಳೂ ಇರುತ್ತದೆ ಎಂದೂ ಹೇಳಲಿಲ್ಲ. ನೀರಲ್ಲಿ ಮುಳುಗಿಯೇ ಇದ್ದ ಕಾಳಿಗೆ ಉಸಿರಾಡಲು ಗಾಳಿ ಸಾಲದೆ ಅದು ಕೊಳೆಯುತ್ತದೆ. ಮೊಳೆಯಲು ನೀರಿನಂತೆ ಗಾಳಿಯೂ ಬೇಕೆಂಬ ಪಾಠ ಅವಳ ಬಟ್ಟಲಲ್ಲೇ ಇತ್ತು. ಅವಳಮ್ಮ ಗೊತ್ತಿಲ್ಲದೆ ಚೆಲ್ಲಿದರು. ಗೊತ್ತಿರಬೇಕಾದ ನಾನು ರೈಟ್ ಹಾಕಿ ಮುಚ್ಚಿದೆ.

ಇದು ಮಕ್ಕಳ ಕಥೆಯಷ್ಟೇ ಅಲ್ಲ. ನನ್ನ ಗ್ರಾಫಿನ ಗೆರೆಗೆ ಹೊಂದದ ಎರಡು ಬಿಂದುಗಳನ್ನು ‘ಉಪಕರಣದ ದೋಷ’ ಎಂದು ಕೈಬಿಡುವ ಆಸೆ ನನಗೂ ಬಂದಿದೆ. ಆ ಆಸೆ ಶುರುವಾಗುವುದು ಎಲ್ಲಿ? ಬಹುಶಃ ಒಂಬತ್ತನೆಯ ವಯಸ್ಸಿನಲ್ಲಿ, ಕಾಣದ್ದನ್ನು ಬರೆದಾಗ ಸಿಕ್ಕ ರೈಟ್‌ನಲ್ಲಿ.

ಈಗ ಮೊದಲು ಕಾಳು ನೆನೆಸುತ್ತೇವೆ, ವಿಡಿಯೊ ಒಂದು ವಾರದ ಮೇಲೆ. ಆ ಹುಡುಗಿಗೆ, ಕೊಳೆತ ಕಾಳನ್ನು ನೆನಪಿದ್ದಂತೆ ಬರಿ ಎಂದೆ. ಕಂದು ಪೆನ್ಸಿಲ್ ಎತ್ತಿಕೊಂಡವಳು ಕೇಳಿದಳು, ‘ಇದಕ್ಕೂ ರೈಟ್ ಹಾಕ್ತೀರಾ ಮಿಸ್?’

ಹಾಕಿದೆ. ಹಿಂದಿನ ಪುಟದ ರೈಟನ್ನು ಅವಳೆದುರು ಹೊಡೆದುಹಾಕುವ ಧೈರ್ಯ ಮಾತ್ರ ಬರಲಿಲ್ಲ.